ಆಲ್ಟೋ ಸಾಲಿನ ಅನಕ್ಷರಸ್ಥೆ

ನಿವೃತ್ತಿಯಾದ ಮೇಲೆ ಮನುಷ್ಯರಿಗೆ ಏನೇನೋ ಬರುತ್ತದೆ. ಕೆಲವರಿಗೆ ಮಂಡಿನೋವು, ಕೆಲವರಿಗೆ ವೈರಾಗ್ಯ, ಇನ್ನು ಕೆಲವರಿಗೆ ಷೇರುಪೇಟೆಯ ಹುಚ್ಚು. ನನಗೆ ಬಂದದ್ದು ಅನಕ್ಷರತೆ. ಹೈಸ್ಕೂಲಿನ ಮಕ್ಕಳಿಗೆ ಹಳಗನ್ನಡದ ಪದ್ಯ ಬಿಡಿಸಿ, ಕೆಂಪು ಶಾಯಿಯಲ್ಲಿ ಒತ್ತಕ್ಷರ ತಿದ್ದಿ, ಓದಲು ತಡವರಿಸಿದವರನ್ನು ಬೆಂಚಿನ ಮೇಲೆ ಹತ್ತಿಸಿ ಪಿಂಚಣಿ ಹಿಡಿದವಳು ನಾನು. ಅಂಥವಳು ಬೆಂಗಳೂರಿನ ದಂಡುಪ್ರದೇಶದ ಒಂದು ಹಾಲಿನಲ್ಲಿ, ನನ್ನ ಶಿಷ್ಯೆಯಾಗಬಹುದಾದ ವಯಸ್ಸಿನ ಹುಡುಗಿಯ ಮುಂದೆ ನಿಂತು, ಅವಳು ಕೊಟ್ಟ ಹಾಳೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿದೆ. ಎರಡು ಕಡೆಯಿಂದಲೂ ಅದು ಅಷ್ಟೇ ಅರ್ಥವಾಗುತ್ತಿತ್ತು.

"ಪರವಾಗಿಲ್ಲ ಆಂಟಿ, ಇಲ್ಲಿ ಅರ್ಧ ಜನಕ್ಕೆ ಬರಲ್ಲ" ಅಂದಳು ಹುಡುಗಿ. ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಈಗಿನ ಶಿಕ್ಷಣ ಪದ್ಧತಿಯೇ ಬೇರೆ.

ನನ್ನನ್ನು ಅಲ್ಲಿಗೆ ಅಟ್ಟಿದ್ದು ಮಗಳು. "ಅಮ್ಮ, ಮನೇಲಿ ಕೂತು ನನ್ನ ಜಾತಕ ಮಗುಚಿ ಹಾಕೋದಕ್ಕಿಂತ ಇದು ವಾಸಿ" ಅಂತ ಫೋನಿನಲ್ಲೊಂದು ಪ್ರಕಟಣೆ ತೋರಿಸಿದಳು. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಕಚೇರಿ; ಜಾತಿ, ಮತ, ವಯಸ್ಸಿನ ಅಡ್ಡಿಯಿಲ್ಲ; ನೋಟೇಶನ್ ಬರಲೇಬೇಕೆಂದಿಲ್ಲ; ಹಾಡುವ ಆಸೆಯಿದ್ದರೆ ಸಾಕು. ಆಸೆಗೇನು ಬರವೇ? ಜಯನಗರದ ನಮ್ಮ ಭಜನಾ ಮಂಡಳಿಯಲ್ಲಿ ಮಂಗಳವಾರ ತಪ್ಪಿಸದೆ ಹಾಡುವವಳು ನಾನು. ಚಿಕ್ಕಂದಿನಲ್ಲಿ ಮೇಷ್ಟ್ರ ಮುಂದೆ ಚಕ್ಕಳಮಕ್ಕಳ ಹಾಕಿ ಸರಳೆ, ಜಂಟಿ, ಅಲಂಕಾರ, ಗೀತೆ ದಾಟಿ, ವರ್ಣದ ಹೊಸ್ತಿಲಿಗೆ ಬರುವಷ್ಟರಲ್ಲಿ ಎಸ್ಸೆಸ್ಸೆಲ್ಸಿ ಬಂದು ಸಂಗೀತ ನಿಂತದ್ದು ಇದೆಯಲ್ಲ, ಅದು ನನ್ನೊಬ್ಬಳ ಕಥೆಯಲ್ಲ, ನಮ್ಮ ಕಾಲದ ಜಯನಗರದ ಹೆಣ್ಣುಮಕ್ಕಳೆಲ್ಲರ ಆತ್ಮಚರಿತ್ರೆಯ ಮೊದಲ ಅಧ್ಯಾಯ. ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆಗೆ ಬದಲಾಯಿಸಿ, ಟ್ರಿನಿಟಿಯಲ್ಲಿ ಇಳಿದೆ. ಊರು ಅದೇ. ಆದರೆ ನಮ್ಮ ಕಡೆ ಹಾಡುವವರು ಕೂತುಕೊಳ್ಳುತ್ತಾರೆ, ಆ ಕಡೆ ನಿಂತುಕೊಳ್ಳುತ್ತಾರೆ. ಮಂಡಿಯ ಮೇಲೆ ತಟ್ಟಲು ಕೈ ತವಕಿಸುತ್ತದೆ, ಅಲ್ಲಿ ಮಂಡಿಯೇ ಸಿಗುವುದಿಲ್ಲ.

ಹುಡುಗಿ ಪಿಯಾನೋ ಮುಂದೆ ಕೂತು ಒಂದೊಂದೇ ಮನೆ ಒತ್ತುತ್ತ ನನ್ನಿಂದ 'ಆ' ಹೇಳಿಸಿದಳು. ಮೇಲೆ ಹೋಗುತ್ತ ಹೋಗುತ್ತ ನನ್ನ ಕಂಠ ಒಂದು ಹಂತದಲ್ಲಿ ರಾಜೀನಾಮೆ ಕೊಟ್ಟಿತು. ಕೆಳಗೆ ಮಾತ್ರ, ವರ್ಷಾನುಗಟ್ಟಲೆ ಹಿಂದಿನ ಬೆಂಚಿಗೆ ಕೇಳಿಸುವಂತೆ ಕೂಗಿದ ಗಂಟಲಲ್ಲವೇ, ಸಾಕಷ್ಟು ದೂರ ಇಳಿಯಿತು. "ಆಲ್ಟೋ" ಎಂದು ಬರೆದುಕೊಂಡಳು. ಬಡ್ತಿಯೋ ಹಿಂಬಡ್ತಿಯೋ ಗೊತ್ತಾಗದೆ "ಥ್ಯಾಂಕ್ಸ್ ಮಿಸ್" ಅಂದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕ್ವಾಯರ್ ಎಂದರೆ ನಾಲ್ಕು ಪಂಗಡ. ಹೆಂಗಸರಲ್ಲಿ ಮೇಲಿನ ದನಿ ಸೊಪ್ರಾನೋ, ಕೆಳಗಿನದು ಆಲ್ಟೋ. ಗಂಡಸರಲ್ಲಿ ಮೇಲಿನದು ಟೆನರ್, ಕೆಳಗಿನದು ಬಾಸ್. ಹಾಡಿನ ರಾಗವೆಂದು ನೀವು ನಾವು ಮನೆಗೆ ಹೋಗುತ್ತ ಗುನುಗುವುದೇನಿದೆ, ಅದು ಬಹುಪಾಲು ಸೊಪ್ರಾನೋಗಳ ಆಸ್ತಿ. ಬಾಸಿನವರಿಗೆ ಗುಡುಗುವ ಸುಖವುಂಟು. ಟೆನರುಗಳು ಯಾವ ಊರಲ್ಲಾದರೂ ಸಂಖ್ಯೆಯಲ್ಲಿ ಕಡಿಮೆಯಾದ್ದರಿಂದ ಅಳಿಯಂದಿರ ಮರ್ಯಾದೆ ಅನುಭವಿಸುತ್ತಾರೆ. ಆಲ್ಟೋಗೆ ಏನುಂಟು? ಒಂದೇ ಸ್ವರದ ಮೇಲೆ ಸಾಲುಗಟ್ಟಲೆ ನಿಲ್ಲುವುದು, ಬೇಸರವಾಗದಿರಲೆಂದು ಅರ್ಧ ಮೆಟ್ಟಿಲು ಇಳಿಯುವುದು, ಮತ್ತೆ ಹತ್ತುವುದು. ನಮ್ಮ ಸಾಲಿನ ಹಿರಿಯಾಕೆಯೊಬ್ಬರು ಮೊದಲ ದಿನವೇ ಸಮಾಧಾನ ಹೇಳಿದರು. ಫ್ರೇಜರ್ ಟೌನಿನಲ್ಲಿ ಹುಟ್ಟಿ ಬೆಳೆದವರು. ಅವರ ಕನ್ನಡದಲ್ಲಿ ಇಂಗ್ಲಿಷ್, ತಮಿಳು, ಕೊಂಕಣಿ ಎಲ್ಲಕ್ಕೂ ಜಾಗವಿತ್ತು. "ನಾವು ಇಂಗು ಇದ್ದಂಗೆ ಮ್ಯಾನ್. ಹಾಕಿದ್ರೆ ಯಾರೂ ಹೇಳಲ್ಲ. ಹಾಕಿಲ್ಲ ಅಂದ್ರೆ ಎಲ್ರೂ ಕೇಳ್ತಾರೆ." ನನ್ನನ್ನು ಜೀವಮಾನದಲ್ಲಿ ಮೊದಲ ಬಾರಿ ಮ್ಯಾನ್ ಎಂದು ಕರೆದವರು ಅವರೇ. ನಾನು ಅವರನ್ನು ಆಂಟಿ ಅಂದೆ. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಅಂತೂ ಆ ಹಾಲಿನಲ್ಲಿ ನಾನು ಆಂಟಿ ಅನ್ನಬಹುದಾದ ಒಬ್ಬರಾದರೂ ಸಿಕ್ಕರಲ್ಲ ಎಂಬ ಸಂತೋಷ ನನಗೆ.

ಇನ್ನು ಆ ಹಾಳೆ. ಐದೈದು ಗೆರೆ, ಗೆರೆಯ ಮೇಲೆ ಒಂದಷ್ಟು ಚುಕ್ಕೆ, ಚುಕ್ಕೆಗಳಿಗೆ ಬಾಲ, ಬಾಲಕ್ಕೆ ಬಾವುಟ. ಒಂದು ಪುಟದಲ್ಲಿ ನಾಲ್ಕು ದನಿಯೂ ಒಂದರ ಕೆಳಗೊಂದು ಇರುವುದರಿಂದ, ನಮ್ಮ ಸಾಲು ಯಾವುದೆಂದು ಹುಡುಕುವುದರಲ್ಲೇ ಹಾಡು ಮುಂದಿನ ಪುಟಕ್ಕೆ ಹೋಗಿರುತ್ತದೆ. ಅದಕ್ಕೇ ಅನುಭವಸ್ಥರು ಹಳದಿ ಹೈಲೈಟರ್ ಇಟ್ಟುಕೊಂಡಿರುತ್ತಾರೆ. ನಾನೂ ಬಳಿದೆ. ಈಗ ಅರ್ಥವಾಗದ ಸಾಲು ಹಳದಿಯಾಗಿ ಅರ್ಥವಾಗದೆ ಉಳಿಯಿತು.

ಈ ವಿಷಯದಲ್ಲಿ ನನಗೊಬ್ಬ ಪೂರ್ವಜನಿದ್ದಾನೆ. 1741ರಲ್ಲಿ ಹ್ಯಾಂಡೆಲ್ ಮಹಾಶಯ ಇಪ್ಪತ್ತನಾಲ್ಕೇ ದಿನದಲ್ಲಿ 'ಮೆಸೈಯಾ' ಬರೆದು ಮುಗಿಸಿ, ಡಬ್ಲಿನ್ನಿಗೆ ಹೊರಟ. ಎದುರುಗಾಳಿಯ ದೆಸೆಯಿಂದ ಹಡಗು ಹೊರಡಲಾಗದೆ ಇಂಗ್ಲೆಂಡಿನ ಚೆಸ್ಟರ್ ಪಟ್ಟಣದಲ್ಲಿ ತಂಗಬೇಕಾಯಿತು. ಸುಮ್ಮನೆ ಕೂರುವ ಆಸಾಮಿಯಲ್ಲ. ಹೊಸ ಕೋರಸ್ಸುಗಳನ್ನು ಒಮ್ಮೆ ಹಾಡಿಸಿ ನೋಡೋಣ, ನೋಡಿದ ಕೂಡಲೇ ಹಾಡಬಲ್ಲವರು ಇಲ್ಲಿ ಯಾರಿದ್ದಾರೆ ಎಂದು ಅಲ್ಲಿನ ಕೆಥೆಡ್ರಲ್ಲಿನ ಆರ್ಗನ್ ವಾದಕನನ್ನು ಕೇಳಿದ. ಜಾನ್ಸನ್ ಎಂಬ ಮುದ್ರಕನ ಹೆಸರು ಬಂತು. ಒಳ್ಳೆಯ ಬಾಸ್ ಕಂಠ. ಹಾಳೆ ಕೈಗೆ ಕೊಟ್ಟರು. ಒಂದು ಸಲ ಎಡವಿದ, ಇನ್ನೊಂದು ಸಲ ಎಡವಿದ. ಹ್ಯಾಂಡೆಲ್ಲನ ಸಿಟ್ಟು ಜಗತ್ಪ್ರಸಿದ್ಧ. ನಾಲ್ಕೈದು ಭಾಷೆಯಲ್ಲಿ ಬೈದ ಮೇಲೆ, ನೋಡಿದ ಕೂಡಲೇ ಹಾಡುತ್ತೇನೆ ಎಂದಿದ್ದೆಯಲ್ಲ ಎಂದು ಮುರುಕು ಇಂಗ್ಲಿಷಿನಲ್ಲಿ ಗದರಿದನಂತೆ. ಜಾನ್ಸನ್ ಸ್ವಲ್ಪವೂ ಅಳುಕದೆ, ಹೌದು ಸ್ವಾಮಿ ಹಾಡುತ್ತೇನೆ, ಆದರೆ ಮೊದಲನೇ ಸಲ ನೋಡಿದಾಗ ಅಲ್ಲ ಎಂದನಂತೆ. ಆಗ ಆ ಊರಲ್ಲಿ ಶಾಲಾ ಹುಡುಗನಾಗಿದ್ದ ಚಾರ್ಲ್ಸ್ ಬರ್ನಿ ಮುಂದೆ ದೊಡ್ಡ ಸಂಗೀತ ಇತಿಹಾಸಕಾರನಾಗಿ ಇದನ್ನು ಬರೆದಿಟ್ಟಿದ್ದಾನೆ. ಜಾನ್ಸನ್ನನ ಫೋಟೋ ಎಲ್ಲಾದರೂ ಇದ್ದಿದ್ದರೆ ಕಟ್ಟು ಹಾಕಿಸಿ ನಮ್ಮ ಆಲ್ಟೋ ಸಾಲಿನ ಹಿಂದೆ ನೇತುಹಾಕಿ ಗುರುಪೂರ್ಣಿಮೆಗೆ ಹಾರ ಹಾಕಬಹುದಿತ್ತು.

ಅಂದ ಹಾಗೆ, 1742ರ ಏಪ್ರಿಲ್ 13ರಂದು ಡಬ್ಲಿನ್ನಿನಲ್ಲಿ ಆ ಕೃತಿ ಮೊದಲ ಬಾರಿ ಹಾಡಿದಾಗ ಜನಸಂದಣಿಗೆ ಹೆದರಿ, ಹೆಂಗಸರು ಲಂಗದೊಳಗಿನ ಬಳೆಕಟ್ಟು ಬಿಟ್ಟು ಬರಬೇಕು, ಗಂಡಸರು ಕತ್ತಿ ಮನೆಯಲ್ಲಿಟ್ಟು ಬರಬೇಕು ಎಂದು ಮೊದಲೇ ವಿನಂತಿ ಮಾಡಿಕೊಂಡಿದ್ದರಂತೆ. ನಮ್ಮ ಕಚೇರಿಗೆ ಅಂಥ ಅಗತ್ಯ ಬೀಳಲಿಲ್ಲ. ಬಂದವರೆಲ್ಲ ಹಾಡುವವರ ಮನೆಯವರೇ. ನನ್ನ ಕಡೆಯಿಂದ ಮಗಳು ಮತ್ತು, ಪ್ರಸಾದ ಕೊಡುತ್ತಾರೋ ಎಂದು ವಿಚಾರಿಸಿಕೊಂಡು ಬಂದ ನನ್ನ ಚಿಕ್ಕಮ್ಮ.

ಓದಲು ಬಾರದವರು ಹಾಡುವುದೇ ಹಳೆಯ ಪದ್ಧತಿ, ಓದಿ ಹಾಡುವುದು ಈಚಿನ ಚಾಳಿ ಎಂಬುದು ನನ್ನ ವಾದ. ಹದಿನೇಳನೇ ಶತಮಾನದ ಇಂಗ್ಲೆಂಡಿನ ಚರ್ಚುಗಳಲ್ಲಿ, ಸಭೆಯಲ್ಲಿ ಹೆಚ್ಚಿನವರಿಗೆ ಓದು ಬಾರದು ಎಂದು ಒಬ್ಬ ಮುಂದಾಳು ಒಂದೊಂದೇ ಸಾಲು ಹೇಳಿಕೊಟ್ಟು, ಮಿಕ್ಕವರು ಅದನ್ನೇ ಎಳೆದು ಹಾಡುತ್ತಿದ್ದರು. ನಮ್ಮ ಮಂಡಳಿಯ ಅಧ್ಯಕ್ಷೆ ಈಗಲೂ ಮಾಡುವುದು ಅದನ್ನೇ. ಆಮೇಲೆ 1720ರ ಸುಮಾರಿಗೆ ಅಮೆರಿಕದ ಮಸಾಚುಸೆಟ್ಸಿನ ಪಾದ್ರಿಗಳಿಗೆ ತಲೆಕೆಟ್ಟು, ಒಬ್ಬೊಬ್ಬರು ಒಂದೊಂದು ಥರ ಎಳೆಯುತ್ತಾರೆ, ಎಲ್ಲರೂ ಸ್ವರ ಓದಲು ಕಲಿಯಿರಿ ಎಂದು ಪಾಠಶಾಲೆ ಶುರುಮಾಡಿಸಿದರು. ಜನ ತಿರುಗಿಬಿದ್ದರು. ಥಾಮಸ್ ಸಿಮ್ಸ್ ಎಂಬ ಪಾದ್ರಿ ಅವರ ಆಕ್ಷೇಪಗಳನ್ನೆಲ್ಲ ಜೋಡಿಸಿ ಬರೆದಿದ್ದಾನೆ. ಇದು ಹೊಸದು, ಹಳೆಯದರಷ್ಟು ಇಂಪಿಲ್ಲ, ಸ್ವರಗಳ ಹೆಸರುಗಳೇ ದೈವನಿಂದೆ, ದುಡ್ಡು ಕೀಳುವ ಉಪಾಯ, ಪಡ್ಡೆ ಹುಡುಗ ಹುಡುಗಿಯರು ಕಲಿಯುವ ನೆಪದಲ್ಲಿ ರಾತ್ರಿ ಹೊತ್ತು ಮನೆಯಿಂದ ಹೊರಗಿರುತ್ತಾರೆ, ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಹಿರಿಯರು ಇದಿಲ್ಲದೆಯೇ ಸ್ವರ್ಗ ಸೇರಲಿಲ್ಲವೇ? ಈ ಕೊನೆಯ ವಾದಕ್ಕೆ ಇವತ್ತಿಗೂ ಯಾರಿಂದಲೂ ಉತ್ತರ ಬಂದಿಲ್ಲ. ನಾನು ಹುಡುಗಿ ಮಿಸ್‌ಗೆ ಹೇಳಿದೆ. "ಆಂಟಿ, ಸ್ವರ್ಗಕ್ಕೆ ಆಮೇಲೆ ಹೋಗೋಣ, ಮೊದಲು ಎಂಟನೇ ಬಾರಿಗೆ ಬನ್ನಿ" ಅಂದಳು. ಹಾಡಿನ ಒಂದು ಕಂಡಕ್ಕೆ ಅವರು ಬಾರ್ ಅನ್ನುತ್ತಾರೆ. ಹಿಂದಿನ ಸಾಲಿನ ಬಾಸುಗಳು ನಕ್ಕರು. ಗಂಡಸರಿಗೆ ಯಾವ ವಯಸ್ಸಿನಲ್ಲೂ ಆ ಜೋಕು ಹಳತಾಗುವುದಿಲ್ಲ.

ಓದಲು ಬಾರದಿರುವುದು ಅಂಥ ದೊಡ್ಡ ತೊಂದರೆಯಲ್ಲ ಎಂದು ಕೆಲವೇ ವಾರಗಳಲ್ಲಿ ಗೊತ್ತಾಯಿತು. ಹುಡುಗಿ ನಮ್ಮ ದನಿಯನ್ನಷ್ಟೇ ಪಿಯಾನೋದಲ್ಲಿ ನುಡಿಸಿ ವಾಟ್ಸಾಪಿನಲ್ಲಿ ಕಳಿಸುತ್ತಾಳೆ. ಕುಕ್ಕರ್ ಕೂಗುವಾಗ ಒಮ್ಮೆ, ಬಟ್ಟೆ ಒಣಹಾಕುವಾಗ ಒಮ್ಮೆ ಕೇಳಿದರೆ ಕಿವಿಗೆ ಹತ್ತುತ್ತದೆ. ಪಾಲ್ ಮೆಕಾರ್ಟ್ನಿಗೇ ನೋಟೇಶನ್ ಬರುವುದಿಲ್ಲವಂತೆ. ಆದರೂ ಇನ್ನೊಬ್ಬ ಸಂಗೀತಗಾರನನ್ನು ಜೊತೆಗಿಟ್ಟುಕೊಂಡು ಲಿವರ್‌ಪೂಲಿನ ಕೆಥೆಡ್ರಲ್ಲಿನಲ್ಲಿ 1991ರಲ್ಲಿ ಇಡೀ ಕ್ವಾಯರಿಗೆ ಒಂದು ದೊಡ್ಡ ಕೃತಿಯನ್ನೇ ಕೊಟ್ಟ. ಬಾಯಿಂದ ಕಿವಿಗೆ ಕಲಿಯುವುದು ನಮಗೇನು ಹೊಸದೇ? ನಮ್ಮ ಮಂಡಳಿಯ ನೋಟುಬುಕ್ಕಿನಲ್ಲಿ ಸಾಹಿತ್ಯ ಮಾತ್ರ ಇರುತ್ತದೆ. ತಲೆಯ ಮೇಲೆ ರಾಗ, ತಾಳ ಬರೆದಿದ್ದರೆ ಅದು ಶ್ರೀಮಂತ ನೋಟುಬುಕ್ಕು. ಇಲ್ಲದಿದ್ದರೆ 'ಧಾಟಿ' ಎಂದು ಬರೆದು, ಮುಂದೆ ರಾಜಕುಮಾರ್ ಸಿನಿಮಾದ ಒಂದು ಹಾಡಿನ ಹೆಸರು. ಅಷ್ಟು ಸಾಕು, ಹದಿನೈದು ಹೆಂಗಸರು ಒಟ್ಟಿಗೆ ಎತ್ತುತ್ತಾರೆ. ಇಂಗ್ಲಿಷಿನವರ ಕೀರ್ತನೆ ಪುಸ್ತಕದಲ್ಲೂ ಇದೇ ಉಪಾಯ ಇರುವುದನ್ನು ಆಂಟಿ ತೋರಿಸಿದರು. ಪ್ರತಿ ಧಾಟಿಗೂ ಒಂದು ಹೆಸರು, ಪಕ್ಕದಲ್ಲಿ ಎಂಟು-ಏಳು-ಎಂಟು-ಏಳು ಎಂದು ಸಾಲಿಗೆಷ್ಟು ಅಕ್ಷರವೆಂಬ ಲೆಕ್ಕ. ಲೆಕ್ಕ ಕೂಡಿದರೆ ಯಾವ ಸಾಹಿತ್ಯಕ್ಕೆ ಯಾವ ಧಾಟಿಯನ್ನಾದರೂ ತೊಡಿಸಬಹುದು. ಛಂದಸ್ಸು ಕಲಿಸಿದವಳಿಗೆ ಇದು ತವರುಮನೆ. ಪ್ರಸ್ತಾರ ಹಾಕಿ ತೋರಿಸೋಣವೆಂದು ಚಾಕ್‌ಪೀಸ್ ಹುಡುಕಿದೆ.

ನಿಜವಾದ ತೊಂದರೆ ಬೇರೆ. ಅದು ಕಣ್ಣಿನದಲ್ಲ, ಕಿವಿಯದು. ಹುಟ್ಟಿದಾರಭ್ಯ ನಮಗೆ ಕೊಟ್ಟ ಶಿಕ್ಷಣ ಒಂದೇ: ಪಕ್ಕದವರ ಜೊತೆ ಸೇರು. ಶ್ರುತಿ ಸೇರಿಸು, ದನಿ ಸೇರಿಸು, ಗೊತ್ತಿಲ್ಲದಿದ್ದರೆ ಮೆಲ್ಲಗೆ ಪಕ್ಕದವಳ ಸ್ವರಕ್ಕೆ ಜಾರಿಕೊ. ಭಜನೆಯಲ್ಲಿ ಹಾಗೆ ಜಾರಿಕೊಂಡವಳೇ ಜಾಣೆ. ಕ್ವಾಯರಿನಲ್ಲಿ ಅದೇ ಮಹಾಪರಾಧ. ನನ್ನ ಎಡಕ್ಕೆ ಸೊಪ್ರಾನೋಗಳ ಕೊನೆಯವಳು ನಿಂತಿರುತ್ತಾಳೆ. ಕಂಚಿನ ಕಂಠ, ಹಾಡಿನ ಅಸಲು ರಾಗವೆಲ್ಲ ಅವಳ ಬಾಯಲ್ಲಿ. ನಾನು ನನ್ನ ಷಡ್ಜವನ್ನು ಕಚ್ಚಿ ಹಿಡಿದಿರುತ್ತೇನೆ, ಅವಳು ಗಾಂಧಾರ ಹಿಡಿಯುತ್ತಾಳೆ. ಬೆನ್ನಹಿಂದಿನಿಂದ ಯಾರೋ ಪಂಚಮ ಬಿಡುತ್ತಾರೆ. ಮೂರು ಕಡೆಯಿಂದ ಮೂರು ಸ್ವರ ಬರುವಾಗ ನನ್ನ ಒಳಗಿನ ಮೇಷ್ಟ್ರು ಎದ್ದು ಕೂತು, "ಯಾರೇ ಅದು ಅಪಸ್ವರ?" ಅನ್ನುತ್ತಾರೆ. ಯಾರದೂ ಅಪಸ್ವರವಲ್ಲ ಮೇಷ್ಟ್ರೇ, ಎಲ್ಲರೂ ಸರಿಯಾಗಿಯೇ ಬೇರೆ ಬೇರೆ ಹಾಡುತ್ತಿದ್ದೇವೆ ಎಂದು ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ನಾನು ಸೊಪ್ರಾನೋ ಆಗಿರುತ್ತೇನೆ. ಒಂದು ಕಿವಿಗೆ ಬೆರಳಿಟ್ಟುಕೊಂಡು ನೋಡಿದೆ. ಹುಡುಗಿ ಮಿಸ್ ಕೈ ಬೀಸುತ್ತಲೇ ಕಣ್ಣಲ್ಲಿ ಬೇಡ ಅಂದಳು. ಕಿವಿ ಮುಚ್ಚಿದರೆ ಬಿಗಿಯಾಗಿ ನಿಲ್ಲಬಹುದು, ಒಟ್ಟಿಗೆ ನಿಂತಂತಾಗುವುದಿಲ್ಲ. ಪಕ್ಕದವಳನ್ನು ಕೇಳಿಸಿಕೊಳ್ಳಬೇಕು, ಕೇಳಿಸಿಕೊಂಡೂ ಅವಳ ಮಾತು ಕೇಳಬಾರದು. ನಮ್ಮ ಮನೆಗಳಲ್ಲಿ ಅತ್ತೆಯ ವಿಷಯದಲ್ಲಿ ಕೆಲವರಿಗೆ ಈ ವಿದ್ಯೆ ಸಿದ್ಧಿಸಿರುವುದನ್ನು ನೋಡಿದ್ದೇನೆ. ಆದರೆ ಅವರು ಯಾರೂ ಹಾಡುವವರಲ್ಲ.

ಹೀಗೆ ಜಾರುವವರಿಗೆ ಆಶ್ರಯ ನಮ್ಮ ಆಂಟಿ. ಪ್ರತಿ ಸಾಲಿನಲ್ಲೂ ಇಂಥವರೊಬ್ಬರು ಇರುತ್ತಾರೆ. ಅವರು ಉಸಿರು ತೆಗೆದಾಗ ಸಾಲು ಉಸಿರು ತೆಗೆಯುತ್ತದೆ, ಅವರು ಪುಟ ಮಗುಚಿದಾಗ ಸಾಲು ಪುಟ ಮಗುಚುತ್ತದೆ. ಪುಟ ಮಗುಚುವುದೊಂದು ಕಲೆ. ಅವರಿಗಿಂತ ಮೊದಲು ಮಗುಚಿದರೆ ಸಿಕ್ಕಿಬೀಳುತ್ತೇವೆ. ತೀರ ತಡವಾದರೂ ಸಿಕ್ಕಿಬೀಳುತ್ತೇವೆ. ಅರ್ಧ ಕ್ಷಣ ಹಿಂದೆ, ಯೋಚಿಸಿ ಮಗುಚಿದ ಮುಖಭಾವದಲ್ಲಿ ಮಗುಚಬೇಕು. ಒಂದು ದಿನ ಆಂಟಿಗೆ ಕೆಮ್ಮು ಬಂದು ಪೆಪ್ಪರ್‌ಮಿಂಟ್ ಹುಡುಕಲು ಹಾಳೆಗಳನ್ನು ಮಡಚಿ ಕಂಕುಳಲ್ಲಿಟ್ಟರು. ನಮ್ಮ ಸಾಲಿನ ಐವರೂ ಗಂಭೀರವಾಗಿ ಹಾಳೆ ಮಡಚಿ ಕಂಕುಳಲ್ಲಿಟ್ಟೆವು.

ಆ ನೆಪದಲ್ಲೇ ಅವರ ಹಾಳೆಯನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು. ಚುಕ್ಕೆಗಳ ನೆತ್ತಿಯ ಮೇಲೆಲ್ಲ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರ. ಡಿ, ಎಂ, ಎಸ್. "ಆಂಟಿ, ಇದೇನು?" ಅಂದರೆ, "ಸೋಲ್‌ಫಾ. ಚರ್ಚಲ್ಲಿ ಸಣ್ಣೋಳಿದ್ದಾಗ ಕಲಿಸಿದ್ರು. ಆ ಕಡ್ಡಿ ನೋಟ್ಸು ನಂಗೂ ಪೂರ್ತಿ ಬರಲ್ಲ, ಯಾರಿಗೂ ಹೇಳ್ಬೇಡ" ಅಂದರು. ಇಡೀ ಸಾಲು ಯಾರನ್ನು ನಂಬಿ ಪುಟ ಮಗುಚುತ್ತಿತ್ತೋ ಅವರೂ ನಮ್ಮವರೇ!

ಈ ಸೋಲ್‌ಫಾದ ಕಥೆ ಕೇಳಿ ನನಗೆ ಇನ್ನಷ್ಟು ಧೈರ್ಯ ಬಂತು. ಸುಮಾರು ಸಾವಿರ ವರ್ಷದ ಹಿಂದೆ ಇಟಲಿಯ ಗ್ವಿಡೋ ಎಂಬ ಸನ್ಯಾಸಿ, ಹುಡುಗರಿಗೆ ಮಠದ ಹಾಡು ಬಾಯಿಪಾಠ ಮಾಡಿಸಿ ಮಾಡಿಸಿ ಬೇಸತ್ತು, ಗೆರೆಗಳ ಮೇಲೆ ಸ್ವರ ಬರೆಯುವುದನ್ನು ಒಂದು ಹದಕ್ಕೆ ತಂದು, ಉತ್ ರೆ ಮಿ ಫಾ ಎಂದು ಹೆಸರಿಟ್ಟ. ಹತ್ತು ವರ್ಷ ಹಿಡಿಯುತ್ತಿದ್ದದ್ದನ್ನು ಒಂದೆರಡು ವರ್ಷದಲ್ಲಿ ಕಲಿಸುತ್ತೇನೆಂದು ಹೇಳಿಕೊಂಡ. ಅಲ್ಲಿಂದ ಮುಂದೆ ಓದು ಬಲ್ಲವರದೇ ರಾಜ್ಯ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಸಾರಾ ಗ್ಲೋವರ್ ಎಂಬಾಕೆ, ಬಡ ಮಕ್ಕಳಿಗೆ ಈ ಗೆರೆ ಚುಕ್ಕೆ ಯಾಕೆ, ಬರೀ ಅಕ್ಷರ ಸಾಕು ಎಂದು ಈ ಸೋಲ್‌ಫಾವನ್ನು ಹುಟ್ಟಿಸಿದಳು. ಜಾನ್ ಕರ್ವೆನ್ ಎಂಬ ಪಾದ್ರಿ ಅದನ್ನು ತಿದ್ದಿ ತೀಡಿ ಊರೂರಿಗೆ ಹಬ್ಬಿಸಿದ. ಮಿಷನರಿಗಳು ಹಡಗು ಹತ್ತಿಸಿದರು. ನಮ್ಮ ಮಿಜೋರಾಮಿನಲ್ಲಿ ಈಗಲೂ ಊರಿಗೆ ಊರೇ ಇದನ್ನು ನೋಡಿಕೊಂಡು ನಾಲ್ಕು ದನಿಯಲ್ಲಿ ಹಾಡುತ್ತದೆ. ಅಮೆರಿಕದವರು 1801ರಲ್ಲಿ ಇನ್ನೊಂದು ದಾರಿ ಹಿಡಿದರು: ಸ್ವರಕ್ಕೊಂದು ಆಕಾರ. ತ್ರಿಕೋನ ಬಂದರೆ ಫಾ, ದುಂಡಗಿದ್ದರೆ ಸೋಲ್, ಚೌಕಕ್ಕೆ ಲಾ, ವಜ್ರಾಕಾರಕ್ಕೆ ಮಿ. ಅಲ್ಲಿನ ದಕ್ಷಿಣ ಸೀಮೆಯಲ್ಲಿ ಈಗಲೂ ಹಾಗೆ ಹಾಡುವವರು ಮೊದಲು ಸ್ವರವನ್ನೇ ಹಾಡಿ, ಆಮೇಲೆ ಸಾಹಿತ್ಯ ಹಾಡುತ್ತಾರೆ. ನಮ್ಮ ಮೇಷ್ಟ್ರು ಗೀತೆ ಹೇಳಿಕೊಟ್ಟದ್ದೂ ಹಾಗೆಯೇ.

ಅಂದ ಮೇಲೆ ನನಗೇನು ಕಷ್ಟ? ಮನೆಗೆ ಬಂದವಳೇ ಪೆನ್ಸಿಲು ಚೂಪು ಮಾಡಿ, ವಾಟ್ಸಾಪಿನ ಪಿಯಾನೋ ಕೇಳುತ್ತ, 'ಮೆಸೈಯಾ'ದ ಇಡೀ ಹಲ್ಲೆಲೂಯಾ ಕೋರಸ್ಸಿನ ಆಲ್ಟೋ ದನಿಯನ್ನು ಕನ್ನಡದಲ್ಲಿ ಬರೆದೆ. ಸ ಸ ಸ ನಿ ಸ. ಮೇಲಿನ ಸ್ಥಾಯಿಗೆ ತಲೆಯ ಮೇಲೆ ಚುಕ್ಕೆ, ಕೆಳಗಿನದಕ್ಕೆ ಕಾಲಡಿ ಚುಕ್ಕೆ, ಎಳೆಯುವ ಕಡೆ ದೀರ್ಘ, ಬಾಯಿ ಮುಚ್ಚಿಕೊಂಡಿರಬೇಕಾದ ಕಡೆ ಸೊನ್ನೆ. ಹಾಡು ಮಧ್ಯದಲ್ಲಿ ಬೇರೆ ಮನೆಗೆ ಹೊರಳುವ ಕಡೆ ಸ್ವಲ್ಪ ಒದ್ದಾಡಿದೆ. ಅವರು ಏನೇನೋ ಹೇಳುತ್ತಾರೆ; ನಾನು 'ಇಲ್ಲಿ ಗ್ರಹಭೇದ' ಎಂದು ಬರೆದು ಹೊಸ ಷಡ್ಜ ಇಟ್ಟುಕೊಂಡೆ. ಹುಡುಗಿ ಮಿಸ್ ನೋಡಿ ಬೆರಗಾದಳು. "ಆಂಟಿ, ಓದೋಕೆ ಬರಲ್ಲ ಅಂದ್ರಿ, ಇದು ನೋಟೇಶನ್ನೇ ಅಲ್ವಾ?" ಅಲ್ಲಮ್ಮ, ಇದು ಸರಿಗಮ ಅಂದೆ. ಅವಳಿಗೆ ವ್ಯತ್ಯಾಸ ಅರ್ಥವಾಗಲಿಲ್ಲ. ವಿವರಿಸಲು ಹೋಗಿ ನನಗೂ ಆಗಲಿಲ್ಲ.

ಪಂಡಿತರ ಪಾಡೂ ಹೇಳಬೇಕು. ನಮ್ಮ ಟೆನರ್ ಸಾಲಿನಲ್ಲಿ ಒಬ್ಬ ಸಾಫ್ಟ್‌ವೇರ್ ಹುಡುಗನಿದ್ದಾನೆ. ಲಂಡನ್ನಿನ ಪರೀಕ್ಷೆಗಳನ್ನೆಲ್ಲ ಕಟ್ಟಿ ಪಾಸು ಮಾಡಿದವನು. ಹಾಳೆ ಕೊಟ್ಟರೆ ಸಾಕು, ನಾವು ಸುದ್ದಿಪತ್ರಿಕೆ ಓದಿದಷ್ಟು ಸಲೀಸಾಗಿ ಹಾಡುತ್ತಾನೆ. ಅಷ್ಟೇ ಅಲ್ಲ, ಯಾವ ಸ್ವರ ಎಷ್ಟನೇ ಮನೆಯದು ಎಂದು ಪಿಯಾನೋ ಇಲ್ಲದೆ ಹೇಳುವ ಕಿವಿ. ಮಿಕ್ಸಿ ತಿರುಗಿದರೆ ಮಿಕ್ಸಿಯ ಶ್ರುತಿ ಹೇಳುತ್ತಾನೆ. ಇಂಥವನಿಗೆ ಏನು ಕಷ್ಟ ಬರಲು ಸಾಧ್ಯ ಅಂದುಕೊಂಡಿದ್ದೆ. ಪಿಯಾನೋ ಇಲ್ಲದ ಹಾಡೊಂದನ್ನು ಅಭ್ಯಾಸ ಮಾಡುವವರೆಗೆ.

ಪಿಯಾನೋ ಇಲ್ಲ ಎಂದರೆ ಏನೂ ಇಲ್ಲ. ತಂಬೂರಿ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ. ಮೊದಲಲ್ಲಿ ಒಂದು ಸಣ್ಣ ಊದುಕೊಳವೆಯಲ್ಲಿ ಶ್ರುತಿ ಕೊಟ್ಟು ನೀರಿಗೆ ತಳ್ಳಿಬಿಡುತ್ತಾರೆ. ಶ್ರುತಿಪೆಟ್ಟಿಗೆಯಿಲ್ಲದೆ ಹಾಡುವುದು ನಮ್ಮ ಕಡೆ ಸ್ನಾನದ ಮನೆಯಲ್ಲಿ ಮಾತ್ರ ಸಮ್ಮತ. ಹೀಗೆ ಆಧಾರವಿಲ್ಲದೆ ಹಾಡುವ ಕ್ವಾಯರುಗಳು ಗೊತ್ತಾಗದಂತೆ ಕೂದಲೆಳೆ ಕೂದಲೆಳೆ ಇಳಿಯುತ್ತವೆ. ಮುಗಿಸುವ ಹೊತ್ತಿಗೆ ಅರ್ಧ ಮನೆ ಕೆಳಗೆ ಬಂದಿರುವುದು ಬಲ್ಲವರ ನಡುವೆಯೂ ಮಾಮೂಲು. ನಾವೂ ಇಳಿದೆವು. ಎಲ್ಲರೂ ಒಟ್ಟಿಗೆ ಇಳಿದದ್ದರಿಂದ ನಮಗಾರಿಗೂ ಗೊತ್ತಾಗಲೂ ಇಲ್ಲ, ಚಿಂತೆಯೂ ಇಲ್ಲ. ನನ್ನ ಷಡ್ಜ ಎಲ್ಲಿದ್ದರೆ ಅಲ್ಲಿಂದ ನನ್ನ ನಿಷಾದ. ಆಂಟಿಯ 'ಡೋ' ಎಲ್ಲಿದ್ದರೆ ಅಲ್ಲಿಂದ ಅವರ 'ಮಿ'. ಆ ಹುಡುಗ ಮಾತ್ರ ಹಣೆಯಲ್ಲಿ ಬೆವರೊಡೆದು, ಹಾಳೆ ಒಂದು ಹೇಳುತ್ತಿದೆ, ಕಿವಿ ಇನ್ನೊಂದು ಹೇಳುತ್ತಿದೆ, ಯಾವುದನ್ನು ನಂಬಲಿ ಎಂದು ತಿಳಿಯದೆ ಒದ್ದಾಡಿಹೋದ. ಪ್ರತಿ ಚುಕ್ಕೆಯನ್ನೂ ಅರ್ಧ ಮನೆ ಕೆಳಗೆ ತರ್ಜುಮೆ ಮಾಡಿಕೊಂಡು ಹಾಡಬೇಕಂತೆ. ಟೀ ಬಿಡುವಿನಲ್ಲಿ ನನ್ನ ಹತ್ತಿರ ಬಂದು, "ಆಂಟಿ, ನಿಮಗೆ ಏನೂ ಅನ್ನಿಸಲಿಲ್ವಾ?" ಅಂದ. ಇಲ್ಲಪ್ಪಾ, ಬಿಸ್ಕತ್ತು ತಗೋ ಅಂದೆ. ವಿದ್ಯೆಯಿಂದ ಸುಖ ಉಂಟು ಎಂದು ಮಕ್ಕಳಿಗೆ ಪ್ರಬಂಧ ಬರೆಸಿದವಳು ನಾನೇ. ಆ ನೋಟುಬುಕ್ಕುಗಳನ್ನೆಲ್ಲ ವಾಪಸು ಕರೆಸಿಕೊಂಡು ಒಂದು ಅಡಿಟಿಪ್ಪಣಿ ಹಾಕಬೇಕು.

ಕಚೇರಿ ಆಯಿತು. ಹಲ್ಲೆಲೂಯಾ ಕೋರಸ್ಸಿಗೆ ಪದ್ಧತಿಯಂತೆ ಸಭಿಕರು ಎದ್ದು ನಿಂತರು. ಮುಗಿಯಿತೆಂದುಕೊಂಡು ಚಿಕ್ಕಮ್ಮ ಚಪ್ಪಲಿ ಹುಡುಕಿದರಂತೆ. ಆ ಹಾಡಿನ ಕೊನೆಗೊಂದು ಗಂಡಾಂತರವಿದೆ. ನಾಲ್ಕೂ ದನಿ ಸೇರಿ ಹಲ್ಲೆಲೂಯಾ ಹಲ್ಲೆಲೂಯಾ ಎಂದು ಆರ್ಭಟಿಸುತ್ತ ಬಂದು ಥಟ್ಟನೆ ನಿಲ್ಲುತ್ತದೆ. ಪೂರ್ತಿ ನಿಶ್ಶಬ್ದ. ಆಮೇಲೆ ನಿಧಾನವಾಗಿ ಕೊನೆಯ ಸಲ. ಜಗತ್ತಿನ ಯಾವ ಕ್ವಾಯರಿನಲ್ಲೂ ಆ ನಿಶ್ಶಬ್ದದ ಗುಂಡಿಗೆ ಒಬ್ಬರಾದರೂ ಬೀಳುತ್ತಾರೆ ಎಂದು ಹುಡುಗಿ ಹೆದರಿಸಿಟ್ಟಿದ್ದಳು. ನಾನು ಬೀಳಲಿಲ್ಲ. ಆಂಟಿ ಬಾಯಿ ತೆರೆಯದೆ ನಾನು ಬಾಯಿ ತೆರೆದವಳೇ ಅಲ್ಲ. ಬಿದ್ದವರು ಬಾಸಿನವರಲ್ಲೊಬ್ಬರು, ಎಣಿಸಿಕೊಂಡು ಹಾಡುವವರು. ಒಂದು ಎಣಿಕೆ ಕಡಿಮೆ ಎಣಿಸಿದ್ದರು.

ಇಷ್ಟಾದ ಮೇಲೆ ಮಂಗಳವಾರದ ಭಜನೆಗೆ ಹೋದರೆ ಅಲ್ಲಿ ಬೇರೆ ಫಜೀತಿ. ಕಿವಿಗೆ ಚಟ ಹತ್ತಿಬಿಟ್ಟಿದೆ. ಎಲ್ಲರೂ ದೇವರನಾಮ ಎತ್ತಿದರೆ ನನ್ನ ಬಾಯಿ ತಾನಾಗಿ ಮೂರು ಸ್ವರ ಕೆಳಗೆ ಹೋಗಿ ಕೂರುತ್ತದೆ. ಅಧ್ಯಕ್ಷೆ ಹಾರ್ಮೋನಿಯಂ ನಿಲ್ಲಿಸಿದರು. "ಏನ್ರೀ ಇದು, ಗಂಟಲು ಸರಿ ಇಲ್ವಾ? ಶ್ರುತಿ ಸೇರ್ತಾ ಇಲ್ವಲ್ರೀ." ಸೇರುತ್ತಿದೆ, ಬೇರೆ ಕಡೆ ಸೇರುತ್ತಿದೆ ಎಂದೆ. ಯಾರಿಗೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಅಧ್ಯಕ್ಷೆಯ ಅತ್ತೆಯ ಕಾಲದ ತಂಬೂರಿ ತೆಗೆಸಿದೆ. ಚೆನ್ನಾಗಿ ಶ್ರುತಿಮಾಡಿ ಮಂದ್ರದ ತಂತಿಯನ್ನು ಮೀಟಿದರೆ, ಯಾರೂ ಹಾಡದ ಅಂತರಗಾಂಧಾರವೊಂದು ತಾನಾಗಿಯೇ ಒಳಗಿಂದ ಎದ್ದು ಬರುತ್ತದೆ. ಸ್ವಯಂಭೂ ಗಾಂಧಾರ ಎನ್ನುತ್ತಾರೆ, ನಮ್ಮ ಮೇಷ್ಟ್ರೂ ಕೇಳಿಸುತ್ತಿದ್ದರು. ಷಡ್ಜ, ಪಂಚಮ, ನಡುವೆ ಇವಳು. "ನೋಡಿ, ನಮ್ಮ ತಂಬೂರಿಯೇ ಕ್ವಾಯರು" ಅಂದೆ. ಅಧ್ಯಕ್ಷೆ ಕಣ್ಣುಮುಚ್ಚಿ ಬಹಳ ಹೊತ್ತು ಕೇಳಿದರು. "ಇದೆ ಕಣ್ರೀ" ಅಂದರು. ಆಮೇಲೆ ಕಣ್ಣುಬಿಟ್ಟು, "ಆದ್ರೆ ಅದು ಮೆತ್ತಗೆ ಹಾಡತ್ತೆ" ಅಂದರು.

ಅವರಿಗೆ ಆಸೆ ಹುಟ್ಟಿದ್ದು ಆಗಲೇ. ಈ ಸಲದ ರಾಜ್ಯೋತ್ಸವಕ್ಕೆ ಬಡಾವಣೆಯ ಸಮೂಹಗಾಯನ ಸ್ಪರ್ಧೆಯಿದೆ. ಪ್ರತಿವರ್ಷ ಎರಡನೇ ಬಹುಮಾನದ ಸ್ಟೀಲ್ ಡಬ್ಬಿ ತಂದು ತಂದು ಎಲ್ಲರ ಮನೆಯ ಕಪಾಟು ತುಂಬಿದೆ. ಎರಡು ದನಿಯಲ್ಲಿ ಹಾಡಿದರೆ ಮೊದಲನೆಯದು ಗ್ಯಾರಂಟಿ. ನಾಡಗೀತೆಯಿಂದಲೇ ಶುರುಮಾಡೋಣ ಎಂದು ಒಬ್ಬರು. ಕಾರ್ಯದರ್ಶಿ ಕಾನೂನು ಬಲ್ಲವರು, ತಕ್ಷಣ ತಡೆದರು: ಕುವೆಂಪು ಅವರ ಗೀತೆಯನ್ನು 2004ರಲ್ಲಿ ನಾಡಗೀತೆ ಮಾಡಿದ್ದಾಯಿತು; ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥರ ಧಾಟಿಯೋ ಎಂದು ಇಡೀ ನಾಡು ವರ್ಷಗಟ್ಟಲೆ ಎರಡು ಪಕ್ಷವಾಗಿ ಹಾಡಿದ್ದಾಯಿತು; 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಆದೇಶ ಹೊರಡಿಸಿ ಮುಗಿಸಿತು. ಈಗ ನೀವು ಕೆಳಗೊಂದು ದನಿ ಸೇರಿಸಿದರೆ ಯಾರು ಜವಾಬ್ದಾರಿ? ಅದನ್ನು ಬಿಟ್ಟು ಒಂದು ದೇವರನಾಮವನ್ನೇ ಆರಿಸಿದೆವು. ಬಹುಪಾಲು ದಾಸರ ಪದಗಳ ಮೂಲ ಧಾಟಿ ಉಳಿದು ಬಂದಿಲ್ಲವಾದ್ದರಿಂದ ಆಕ್ಷೇಪಿಸಲು ಯಾರಿಗೂ ಆಧಾರವಿಲ್ಲ ಎಂಬುದು ಕಾರ್ಯದರ್ಶಿಯ ಅಭಿಪ್ರಾಯ.

ಕೆಳದನಿಯನ್ನು ನಾನು ಸರಿಗಮದಲ್ಲಿ ಬರೆದುಕೊಂಡು ಹೋದೆ, ಜೆರಾಕ್ಸ್ ಮಾಡಿಸಿ ಹಂಚಿದೆ. ಕೆಳದನಿಗೆ ಕನಿಷ್ಠ ಐದು ಜನ ಬೇಕು, ಯಾರು ಯಾರು ಬರುತ್ತೀರಿ ಎಂದು ಕೇಳಿದೆ. ಎಲ್ಲರೂ ಹಾಳೆಯನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಒಬ್ಬರಿಗೆ ಕೆಳಗಿನ ಸ್ವರ ಹಾಡಿದರೆ ಗ್ಯಾಸ್ಟ್ರಿಕ್ ಆಗುತ್ತದಂತೆ. ಇನ್ನೊಬ್ಬರ ಸೊಸೆ ವೀಡಿಯೋ ಮಾಡಲು ಬರುತ್ತಾಳಂತೆ, ಅವಳ ಮುಂದೆ ರಾಗವಿಲ್ಲದ್ದನ್ನು ಹೇಗೆ ಹಾಡುವುದು? ಅಧ್ಯಕ್ಷೆಗೆ ಹಾರ್ಮೋನಿಯಂ ಇದೆ. ಕಾರ್ಯದರ್ಶಿ ನಿರೂಪಣೆಗೆ ಬೇಕು. ನಾನೊಬ್ಬಳು ಆಯಿತು, ಮಿಕ್ಕವರು? ಸ್ವಲ್ಪ ಹೊತ್ತು ಫ್ಯಾನಿನ ಸದ್ದು. ಆಮೇಲೆ, ಮೊಮ್ಮಗನ ನಾಮಕರಣಕ್ಕೆಂದು ತಿಪಟೂರಿಗೆ ಹೋಗಿದ್ದ ಖಜಾಂಚಿಯ ಹೆಸರನ್ನೂ, ಕಣ್ಣಿನ ಆಪರೇಷನ್ ಆಗಿ ಮನೆಯಲ್ಲಿ ಮಲಗಿದ್ದ ಹಿರಿಯ ಸದಸ್ಯೆಯ ಹೆಸರನ್ನೂ, ಮೈಸೂರಿಗೆ ಹೋಗಿದ್ದ ಅಕ್ಕತಂಗಿಯರಿಬ್ಬರ ಹೆಸರನ್ನೂ ಸರ್ವಾನುಮತದಿಂದ ಬರೆದುಕೊಂಡೆವು. ಅವರಿಗೆ ಇನ್ನೂ ತಿಳಿಸಿಲ್ಲ.